ಪುಸ್ತಕದ ಅಂಚು ಸುಳ್ಳು ಹೇಳುವುದಿಲ್ಲ

ಪ್ರಶ್ನೆ: ಮೇಡಂ, ನಮ್ಮೂರು ಹಾಸನದ ಕಡೆ. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಕಾಲೇಜು ಮುಗಿದ ಮೇಲೆ ಕನ್ನಡ ಓದುವುದು ಬಿಟ್ಟೇ ಹೋಗಿತ್ತು, ಹೋದ ವರ್ಷ ಮತ್ತೆ ಶುರು ಮಾಡಿದೆ. ಯಾರು ಏನು ಚೆನ್ನಾಗಿದೆ ಅಂದರೋ ಅದನ್ನೆಲ್ಲ ತಂದೆ. ‘ಕರ್ವಾಲೊ’ ಎರಡೇ ರಾತ್ರಿಯಲ್ಲಿ ಮುಗಿಯಿತು. ‘ಊರುಕೇರಿ’ ಕೂಡ ಮುಗಿಯಿತು. ‘ಮಲೆಗಳಲ್ಲಿ ಮದುಮಗಳು’ 92ನೇ ಪುಟದಲ್ಲಿ ನಿಂತಿದೆ. ‘ಮೂಕಜ್ಜಿಯ ಕನಸುಗಳು’ ಅರ್ಧಕ್ಕೆ ಬೇಜಾರಾಯಿತು. ‘ಕುಸುಮಬಾಲೆ’ ಹತ್ತು ಪುಟಕ್ಕಿಂತ ಮುಂದೆ ಹೋಗಲಿಲ್ಲ, ಭಾಷೆಯೇ ಅರ್ಥವಾಗಲಿಲ್ಲ. ‘ಘಾಚರ್ ಘೋಚರ್’ ಓದಿ ‘ಇಷ್ಟೇನಾ?’ ಅನ್ನಿಸಿತು. ‘ಪರ್ವ’ ಇನ್ನೂ ತೆರೆದಿಲ್ಲ, ಗಾತ್ರ ನೋಡಿಯೇ ಭಯ. ‘ಮಂಕುತಿಮ್ಮನ ಕಗ್ಗ’ ಇದೆ. ಬಾನು ಮುಷ್ತಾಕ್ ಅವರ ಕಥೆಗಳನ್ನು ಇಂಗ್ಲಿಷಿನಲ್ಲಿ ಓದಿದೆ. ಜೊತೆಗೆ ಉಡುಗೊರೆಯಾಗಿ ಬಂದ, ಬೆಳಿಗ್ಗೆ ಬೇಗ ಎದ್ದರೆ ಬದುಕು ಬದಲಾಗುತ್ತದೆ ಅನ್ನುವ ಒಂದು ಅನುವಾದ. ನಾವು ಐದಾರು ಗೆಳತಿಯರು ತಿಂಗಳಿಗೊಮ್ಮೆ ಸೇರಿ ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಅಲ್ಲಿ ನಾನು ಎಲ್ಲದಕ್ಕೂ ‘ಅದ್ಭುತ’ ಅಂದುಬಿಡುತ್ತೇನೆ. ಮನೆಗೆ ಬಂದ ಮೇಲೆ ಕಸಿವಿಸಿ. ದೊಡ್ಡವರ ಪುಸ್ತಕ ಇಷ್ಟವಾಗಲಿಲ್ಲ ಅಂತ ಹೇಳುವುದು ತಪ್ಪಾ? ನೀವಾದರೆ ಇವುಗಳ ಬಗ್ಗೆ ಮನಸ್ಸು ಬಿಚ್ಚಿ ಏನು ಹೇಳುತ್ತೀರಿ? ಮುಗಿಯದೆ ಉಳಿದದ್ದನ್ನು ಕೊಟ್ಟುಬಿಡಲಾ?

ಉತ್ತರ: ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಸಾರ್ವಜನಿಕ ಗ್ರಂಥಾಲಯದ ಕೌಂಟರಿನ ಹಿಂದೆ ಕೂತವಳು. ಅಲ್ಲಿ ಕೂತವರಿಗೆ ಒಂದು ಗುಟ್ಟು ಗೊತ್ತಿರುತ್ತದೆ. ಹಳೆಯ ಲೈಬ್ರರಿ ಪುಸ್ತಕವೊಂದನ್ನು ಮುಚ್ಚಿ, ಬೆನ್ನಿಗೆ ಎದುರಾದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಕೈಯ ಬೆವರು, ಅಡುಗೆಮನೆಯ ಅರಿಶಿನ, ಬಸ್ಸಿನ ಧೂಳು, ಎಲ್ಲ ಸೇರಿ ಅಂಚು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆದರೆ ಪೂರ್ತಿ ಅಲ್ಲ. ಕೆಲವು ಪುಸ್ತಕದಲ್ಲಿ ಕೊನೆಯವರೆಗೂ ಕಂದು. ಕೆಲವದರಲ್ಲಿ ಕಾಲುಭಾಗ ಕಂದು, ಆಮೇಲೆ ಹೊಸ ಕಾಗದದ ಹಾಗೆ ಬೆಳ್ಳಗೆ. ಜನ ಎಲ್ಲಿ ಕೈಬಿಟ್ಟರು ಅಂತ ಅಲ್ಲೇ ಬರೆದಿರುತ್ತದೆ. ಕೊನೆ ಪುಟಕ್ಕೆ ಅಂಟಿಸಿದ ತಾರೀಖಿನ ಚೀಟಿಯಲ್ಲಿ ಇಪ್ಪತ್ತು ಸೀಲು ಬಿದ್ದಿದ್ದರೂ ಸರಿ, ಅಂಚು ಬೆಳ್ಳಗಿದ್ದರೆ ಇಪ್ಪತ್ತು ಜನ ತೆಗೆದುಕೊಂಡು ಹೋಗಿದ್ದಾರೆ, ಓದಿಲ್ಲ.

ಪುಸ್ತಕ ವಾಪಸು ಕೊಡಲು ಬಂದವರನ್ನು ಮೊದಮೊದಲು ‘ಹೇಗಿತ್ತು?’ ಅಂತ ಕೇಳುತ್ತಿದ್ದೆ. ಎಲ್ಲರೂ ‘ಚೆನ್ನಾಗಿತ್ತು’ ಅನ್ನುತ್ತಿದ್ದರು. ಊಟ ಆಯ್ತಾ ಅಂದರೆ ಆಯ್ತು ಅನ್ನುವುದಿಲ್ಲವೇ, ಹಾಗೆ. ಆಮೇಲೆ ಪ್ರಶ್ನೆ ಬದಲಾಯಿಸಿದೆ. ‘ಎಲ್ಲಿವರೆಗೆ ಬಂದ್ರಿ?’ ಅಂತ ಕೇಳತೊಡಗಿದೆ. ಆಗ ನಿಜ ಹೊರಗೆ ಬಂತು. ‘ಆ ಮದುವೆ ಗಲಾಟೆವರೆಗೆ ಬಂದೆ ಮೇಡಂ, ಆಮೇಲೆ ಯಾರು ಯಾರಿಗೆ ಏನಾಗಬೇಕು ಅಂತಾನೇ ತಿಳೀಲಿಲ್ಲ.’ ಇದು ಅಭಿಪ್ರಾಯ. ‘ಚೆನ್ನಾಗಿತ್ತು’ ಅನ್ನುವುದು ಅಭಿಪ್ರಾಯ ಅಲ್ಲ, ಮರ್ಯಾದೆ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ್ದು ‘92ನೇ ಪುಟ’ ಅನ್ನುವ ಮಾತು. ಅಷ್ಟು ಖಚಿತವಾಗಿ ಹೇಳಬಲ್ಲವರು ಸುಮ್ನೆ ‘ಅದ್ಭುತ’ ಅಂತ ಯಾಕೆ ಹೇಳಬೇಕು? ಗೆಳತಿಯರ ಮುಂದೆಯೂ ಅದನ್ನೇ ಹೇಳಿ. ‘92ರಲ್ಲಿ ನಿಂತಿದ್ದೇನೆ, ಇಂಥ ಕಾರಣಕ್ಕೆ.’ ಇದರಿಂದ ಕುವೆಂಪು ಅವರಿಗೆ ಅವಮಾನ ಆಗುವುದಿಲ್ಲ.

ಅವಮಾನ ಹೇಗೆ ಆಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು, ಅದನ್ನು ಮೊದಲು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿ ಮೂರನೆಯದೋ ನಾಲ್ಕನೆಯದೋ ವರ್ಷ. ಗ್ರಂಥಾಲಯ ಸಪ್ತಾಹ. ‘ಪರ್ವ’ದ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂದರು. ಭೈರಪ್ಪನವರ ಆ ಕಾದಂಬರಿ ಬಂದದ್ದು 1979ರಲ್ಲಿ, ಆಗಲೇ ನಮ್ಮಲ್ಲಿ ಎರಡು ಪ್ರತಿ ಸವೆದಿದ್ದವು. ನಾನು ಓದಿದ್ದದ್ದು ಮೊದಲ ನೂರು ಪುಟ ಮಾತ್ರ. ಆದರೂ ಎದ್ದು ನಿಂತು, ‘ಕೃಷ್ಣನ ಮನಸ್ಸಿನ ಒಳಗನ್ನು ಎಷ್ಟು ಚೆನ್ನಾಗಿ ಬಿಚ್ಚಿಟ್ಟಿದ್ದಾರೆ!’ ಅಂದುಬಿಟ್ಟೆ. ಮುಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರು ಮೆಲ್ಲಗೆ ಕೈ ಎತ್ತಿದರು. ‘ತಾಯೀ, ಕುಂತಿ, ದ್ರೌಪದಿ, ಭೀಮ, ಕರ್ಣ ಎಲ್ಲರೂ ಅದರಲ್ಲಿ ತಮ್ಮ ಮನಸ್ಸು ತೆರೀತಾರೆ. ಕೃಷ್ಣ ಒಬ್ಬನೇ ತೆರೆಯೋದಿಲ್ಲವಲ್ಲ. ಅವನನ್ನು ಬೇರೆಯವರ ಕಣ್ಣಿಂದಲೇ ನೋಡಬೇಕು. ನೀವು ಯಾವ ಪುಸ್ತಕ ಓದಿದಿರಿ?’ ಸಭೆಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಆ ರಾತ್ರಿಯೇ ಪುಸ್ತಕ ಮನೆಗೆ ತಂದೆ. ಹಟಕ್ಕೆ ಓದಿದೆ. ಹಾಗಾಗಿ ‘ಪರ್ವ’ದ ಬಗ್ಗೆ ಈಗ ನನ್ನ ಮಾತು ಹೇಳಬಹುದು. ಮದ್ರದೇಶದ ಮುದುಕ ಶಲ್ಯನ ಮನೆಯಿಂದ ಶುರುವಾಗುವ ಆ ಆರಂಭ ನಿಧಾನ. ಅಲ್ಲಿ ಬೇಜಾರಾದರೆ ನಿಮ್ಮ ತಪ್ಪಲ್ಲ. ಆದರೆ ಕುಂತಿ ತನ್ನ ಹಳೆಯದನ್ನು ನೆನೆಯಲು ಕೂತಾಗ ಪುಸ್ತಕ ಬಿಸಿಯಾಗುತ್ತದೆ. ದೇವರು, ವರ, ಪವಾಡ ಎಲ್ಲವನ್ನೂ ತೆಗೆದುಹಾಕಿ ಉಳಿದ ಮನುಷ್ಯರನ್ನು ಮಾತ್ರ ಇಟ್ಟುಕೊಂಡಿದ್ದಾರೆ. ಯುದ್ಧ ಬಂದಾಗ ಶಂಖ, ರಥಗಳ ಗಲಾಟೆಗಿಂತ ಹಸಿವು, ಹೇಲು, ಕೊಳೆತ ಹೆಣದ ನಾತ ಮೂಗಿಗೆ ಬಡಿಯುತ್ತದೆ. ಅದನ್ನು ಓದಿದ ಮೇಲೆ ಕ್ಯಾಲೆಂಡರಿನ ಕುರುಕ್ಷೇತ್ರ ನೋಡುವುದು ಕಷ್ಟ. ನನ್ನ ತಕರಾರು ಒಂದಿದೆ. ಯಾರೇ ನೆನಪು ಮಾಡಿಕೊಳ್ಳಲಿ, ಗಂಡಾಗಲಿ ಹೆಣ್ಣಾಗಲಿ, ಯೋಚನೆಯ ಧಾಟಿ ಒಂದೇ. ಎಲ್ಲರೂ ಒಬ್ಬನೇ ವಕೀಲನನ್ನು ಇಟ್ಟುಕೊಂಡ ಹಾಗೆ ವಾದ ಮಾಡುತ್ತಾರೆ. ಪವಾಡಕ್ಕೆಲ್ಲ ಕಾರಣ ಕೊಡುತ್ತಾ ಹೋಗುವುದು ಕೆಲವು ಕಡೆ ಲೆಕ್ಕ ಬಿಡಿಸಿದಂತೆ ಆಗುತ್ತದೆ. ಗಾತ್ರಕ್ಕೆ ಹೆದರಬೇಡಿ. ರಜಾ ಹಾಕಿಕೊಂಡು ಓದುವ ಪುಸ್ತಕ ಅದು, ಮೆಟ್ರೋದಲ್ಲಿ ಓದುವುದಲ್ಲ.

ಈಗ ನಿಮ್ಮ 92ನೇ ಪುಟಕ್ಕೆ ಬರೋಣ.

‘ಮಲೆಗಳಲ್ಲಿ ಮದುಮಗಳು’ 1967ರ ಪುಸ್ತಕ. ನಮ್ಮ ಗ್ರಂಥಾಲಯದ ಪ್ರತಿಯ ಅಂಚು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲ ನೂರು ಪುಟ ಕಡು ಕಂದು. ಆಮೇಲೆ ತೆಳುವಾಗುತ್ತಾ ಹೋಗುತ್ತದೆ. ವಿಚಿತ್ರ ಅಂದರೆ ಕೊನೆಯ ಐವತ್ತು ಪುಟ ಮತ್ತೆ ಕಂದು. ಮುಗಿಸಿದವರು ಕಡಿಮೆ. ಆದರೆ ಮುಗಿಸಿದವರು ಆ ಕೊನೆಯನ್ನು ಮತ್ತೆ ಮತ್ತೆ ತಿರುವಿದ್ದಾರೆ. ಅಂದರೆ ನೀವು ನಿಂತ ಜಾಗದಲ್ಲಿ ನೀವು ಒಬ್ಬರೇ ಇಲ್ಲ. ಒಂದು ಊರೇ ನಿಂತಿದೆ.

ಯಾಕೆ ಅಲ್ಲೇ ನಿಲ್ಲುತ್ತಾರೆ? ನನ್ನ ಲೆಕ್ಕ ಇದು. ನಾವು ಕಾದಂಬರಿ ಓದುವಾಗ ನಾಯಕ ಯಾರು ಅಂತ ಹುಡುಕುತ್ತೇವೆ. ಒಬ್ಬ ಸಿಕ್ಕರೆ ಅವನ ಬೆನ್ನು ಹಿಡಿಯುತ್ತೇವೆ. ಇಲ್ಲಿ ನಾಯಿ ಗುತ್ತಿ ಅನ್ನುವವನು ತನ್ನ ನಾಯಿ ಹುಲಿಯನ ಜೊತೆ ಬರುತ್ತಾನೆ. ಸರಿ, ಇವನೇ ನಾಯಕ ಅಂದುಕೊಳ್ಳುತ್ತೀರಿ. ಅಷ್ಟರಲ್ಲಿ ಬೇರೆ ಮನೆ, ಬೇರೆ ಹೆಗ್ಗಡೆ. ಸಿಂಬಾವಿ, ಬೆಟ್ಟಳ್ಳಿ, ಹೂವಳ್ಳಿ, ಕೋಣೂರು. ಐತ ಬಂದ, ಪೀಂಚಲು ಬಂದಳು, ಮುಕುಂದಯ್ಯ, ಚಿನ್ನಮ್ಮ, ನಾಗಕ್ಕ. ತೊಂಬತ್ತು ಪುಟಕ್ಕೆ ತಲೆ ತುಂಬಿ, ಗುತ್ತಿ ಎಲ್ಲಿ ಹೋದ ಅಂತ ಸಿಟ್ಟು ಬರುತ್ತದೆ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಬಾಗಿಲಲ್ಲೇ ಬೋರ್ಡು ಹಾಕಿದ್ದಾರೆ. ಆ ಮಾತನ್ನು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ಆದರೆ ಓದುವಾಗ ಮರೆತು ನಾಯಕನನ್ನು ಹುಡುಕುತ್ತಾರೆ. ನಾಯಕ ಸಿಗುವುದಿಲ್ಲ. ಹುಲಿಯ ಅನ್ನುವ ನಾಯಿಗೂ ಹೆಗ್ಗಡೆಗೂ ಅಲ್ಲಿ ಒಂದೇ ಅಳತೆ.

ಒಂದು ಕೆಲಸ ಮಾಡಿ. ಹಳೆಯ ಬಸ್ ಟಿಕೆಟ್ ಅಗಲದ ಚೀಟಿಯಲ್ಲಿ ಮನೆಗಳ ಹೆಸರು ಬರೆದು, ಒಂದೊಂದರ ಕೆಳಗೆ ಅಲ್ಲಿರುವವರ ಹೆಸರು ಬರೆದುಕೊಳ್ಳಿ. ಅದನ್ನೇ ಗುರುತಿಗೆ ಇಟ್ಟುಕೊಳ್ಳಿ. ನಾನು ಎಷ್ಟೋ ಜನರಿಗೆ ಇಂಥ ಚೀಟಿ ಬರೆದು ಕೊಟ್ಟಿದ್ದೇನೆ. ಎರಡನೆಯದು, ಮಳೆಗಾಲಕ್ಕೆ ಎತ್ತಿಡಿ. ಇದು ಕವಿತೆಯ ಮಾತಲ್ಲ, ಅನುಭವದ್ದು. ಏಪ್ರಿಲ್ ಸೆಕೆಯಲ್ಲಿ ತೆಗೆದುಕೊಂಡು ಹೋದವರು ವಾಪಸು ತಂದರು, ಜುಲೈನಲ್ಲಿ ತೆಗೆದುಕೊಂಡವರು ತಾರೀಖು ಮುಂದೂಡಿಸಲು ಬಂದರು. ಮೈಸೂರಿನ ರಂಗಾಯಣ 2010ರಲ್ಲಿ ಇದನ್ನು ರಾತ್ರಿಯಿಡೀ ನಾಟಕವಾಗಿ ಆಡಿದಾಗಲೂ ಅಷ್ಟೇ. ನೋಡಿ ಬಂದವರು ‘ಆ ಪುಸ್ತಕ ಇದ್ಯಾ?’ ಅಂತ ಕೇಳಿಕೊಂಡು ಬಂದರು. ಮುಖಗಳು ಒಮ್ಮೆ ಕಣ್ಣಿಗೆ ಬಿದ್ದರೆ ಹೆಸರುಗಳು ತೊಡಕಾಗುವುದಿಲ್ಲ.

ತಕರಾರು ಇಲ್ಲವೇ? ಇದೆ. ದೇವಯ್ಯ ಮತ್ತು ಪಾದ್ರಿಯ ಭಾಗ ಎಳೆದಂತೆ ಅನ್ನಿಸುತ್ತದೆ. ಕಾಡಿನ ವರ್ಣನೆ ಕೆಲವು ಕಡೆ ಕಾದಂಬರಿಕಾರನ ಕೈಯಿಂದ ಜಾರಿ ಕವಿಯ ಕೈಗೆ ಹೋಗುತ್ತದೆ. ಅಂಥ ಪುಟ ಹಾರಿಸಿದರೆ ಯಾರೂ ದಂಡ ಹಾಕುವುದಿಲ್ಲ. ಆದರೆ ಕೊನೆಯಲ್ಲಿ ತುಂಗೆ ತುಂಬಿ ಹರಿಯುವಾಗ ಹುಲಿಯ ಮತ್ತು ಗುತ್ತಿಗೆ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ. ಅಂಚು ಮತ್ತೆ ಕಂದಾಗಿರುವುದು ಅಲ್ಲೇ.

‘ಕರ್ವಾಲೊ’ ಎರಡು ರಾತ್ರಿಯಲ್ಲಿ ಮುಗಿದದ್ದರಲ್ಲಿ ಆಶ್ಚರ್ಯ ಇಲ್ಲ. 1980ರ ಪುಸ್ತಕ. ನಮ್ಮ ಪ್ರತಿಯ ಅಂಚು ಉದ್ದಕ್ಕೂ ಒಂದೇ ಬಣ್ಣ, ಬೆನ್ನು ಕಿತ್ತು ಎರಡು ಸಲ ಬೈಂಡಿಂಗ್ ಮಾಡಿಸಿದ್ದೆವು. ತೇಜಸ್ವಿ ಗಂಭೀರ ವಿಷಯವನ್ನು ಹೋಟೆಲಿನಲ್ಲಿ ಹರಟೆ ಹೊಡೆದ ಹಾಗೆ ಹೇಳುತ್ತಾರೆ. ಪ್ಯೂನ್ ಕೆಲಸ ಸಿಕ್ಕರೆ ಸಾಕು ಅನ್ನುವ ಮಂದಣ್ಣನಲ್ಲಿ ದೊಡ್ಡ ವಿಜ್ಞಾನಿಯೊಬ್ಬರು ಹುಟ್ಟಾ ಪ್ರಕೃತಿ ತಜ್ಞನನ್ನು ಕಾಣುತ್ತಾರೆ. ನಮ್ಮ ಕಣ್ಣಿಗೆ ಅವನು ದಡ್ಡ. ಪುಸ್ತಕ ಮುಗಿಯುವಷ್ಟರಲ್ಲಿ ದಡ್ಡರು ಯಾರು ಅಂತ ಗೊತ್ತಾಗುತ್ತದೆ. ಆದರೆ ನೀವು ಇದನ್ನು ಎರಡನೇ ಸಲ ಓದಿ ನೋಡಿ. ಹೆಂಗಸರು ಎಲ್ಲಿದ್ದಾರೆ? ಮಂದಣ್ಣ ಮದುವೆಯಾಗುವ ರಾಮಿಗೆ ಹೆಸರಿದೆ, ಮಾತು ಇಲ್ಲದಷ್ಟು ಕಡಿಮೆ. ಕಾಡಿಗೆ ಹೋಗುವವರು, ಕುತೂಹಲ ಪಡುವವರು, ಎಲ್ಲ ಗಂಡಸರೇ. ಕಿವಿ ಅನ್ನುವ ನಾಯಿಗೂ ರಾಮಿಗಿಂತ ಜಾಸ್ತಿ ಜಾಗ ಇದೆ. ನನಗೆ ಬಹಳ ಪ್ರೀತಿಯ ಪುಸ್ತಕ ಇದು, ಅದಕ್ಕೇ ಹೇಳುತ್ತಿದ್ದೇನೆ. ಇಷ್ಟವಾದ ಪುಸ್ತಕದ ಹುಳುಕು ಹೇಳುವುದು ಇಷ್ಟವಾಗದ್ದರ ಬಗ್ಗೆ ಹೇಳುವುದಕ್ಕಿಂತ ಕಷ್ಟ.

ಮೂಕಜ್ಜಿಯ ವಿಚಾರದಲ್ಲಿ ನಾನು ನಿಮ್ಮ ಪಕ್ಷ. ಕಾರಂತರ ಈ ಕಾದಂಬರಿ 1968ರದ್ದು. 1977ರ ಜ್ಞಾನಪೀಠ ಬಂದದ್ದು ಇದಕ್ಕೇ, ಹಾಗಾಗಿ ಇದರ ಬಗ್ಗೆ ಮೆಲ್ಲಗೆ ಮಾತಾಡುವುದು ನಮ್ಮ ಅಭ್ಯಾಸ. ಅಜ್ಜಿಯೇನೋ ಗಟ್ಟಿಗಿತ್ತಿ. ಗಂಡ ಅಂದರೆ ಏನು ಅಂತ ತಿಳಿಯುವ ಮೊದಲೇ ವಿಧವೆಯಾದವಳು. ವಯಸ್ಸಾದ ಮೇಲೆ ಮೊಮ್ಮಗ ಸುಬ್ಬರಾಯ ತಂದುಕೊಟ್ಟ ಮೂಳೆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಸಾವಿರಾರು ವರ್ಷ ಹಿಂದಿನದನ್ನು ಕಾಣುತ್ತಾಳೆ. ದೇವರ ಬಗ್ಗೆ, ಗಂಡು ಹೆಣ್ಣಿನ ಬಗ್ಗೆ ಅವಳಾಡುವ ಮಾತು ಇವತ್ತಿನ ಟಿವಿ ಚರ್ಚೆಯಲ್ಲಿ ಆಡಿದರೆ ಗಲಾಟೆಯಾಗುತ್ತದೆ. ಆದರೆ ಅರ್ಧ ದಾಟುವಷ್ಟರಲ್ಲಿ ಮಾತು ಜಾಸ್ತಿ, ಕತೆ ಕಡಿಮೆ. ಅಜ್ಜಿಯ ಬಾಯಲ್ಲಿ ಕಾರಂತರೇ ಕೂತು ಮಾತಾಡುತ್ತಿದ್ದಾರೆ ಅನ್ನಿಸುತ್ತದೆ. ನಾಗಿಯ ಸಂಸಾರದ ಕತೆ ಬಂದಾಗ ಮಾತ್ರ ಪುಸ್ತಕ ಮತ್ತೆ ನೆಲಕ್ಕೆ ಇಳಿಯುತ್ತದೆ. ಬೇಜಾರಾಗಿದ್ದರೆ ಆ ಭಾಗ ಹುಡುಕಿ ಓದಿ.

ಇಲ್ಲಿ ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಹೆಸರು ಸೇರಿಸುತ್ತೇನೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’, 1976. ಇದೂ ಬಾಲವಿಧವೆಯ ಕತೆಯೇ. ಇಂದಿರಾ ಅವರು ಕಾದಂಬರಿ ಪ್ರಕಟಿಸಲು ಶುರು ಮಾಡಿದ್ದೇ ನಲವತ್ತೈದು ದಾಟಿದ ಮೇಲೆ. ವಿಮರ್ಶಕರು ಇಂಥ ಲೇಖಕಿಯರ ಪುಸ್ತಕವನ್ನು ‘ಹೆಂಗಸರು ಮಧ್ಯಾಹ್ನ ಓದುವಂಥದ್ದು’ ಅಂತ ಪಕ್ಕಕ್ಕೆ ಸರಿಸಿದ ಕಾಲ ಒಂದಿತ್ತು. ನಮ್ಮಲ್ಲಿ ತ್ರಿವೇಣಿ, ಇಂದಿರಾ ಅವರ ಪುಸ್ತಕಗಳ ಅಂಚು ಮೊದಲಿಂದ ಕೊನೆವರೆಗೆ ಕಪ್ಪಾಗಿರುತ್ತಿತ್ತು. ಕೆಲವದರಲ್ಲಿ ಒಗ್ಗರಣೆಯ ಸಾಸಿವೆ ಒಂದೆರಡು ಅಂಟಿಕೊಂಡಿರುತ್ತಿತ್ತು. ಫಣಿಯಮ್ಮ ಭಾಷಣ ಮಾಡುವುದಿಲ್ಲ. ತಲೆ ಬೋಳಿಸಿಕೊಂಡು, ಒಪ್ಪತ್ತು ಉಂಡು, ಎಲ್ಲರ ಮನೆಯ ಕೆಲಸ ಮಾಡಿಕೊಂಡು ಇರುತ್ತಾಳೆ. ಮಡಿಯ ಹೆಂಗಸು ಒಂದು ರಾತ್ರಿ ಯಾರಿಗೂ ಹೇಳದೆ ಅಸ್ಪೃಶ್ಯರ ಮನೆಗೆ ಹೋಗಿ ಹೆರಿಗೆ ಮಾಡಿಸಿ ಬರುತ್ತಾಳೆ. ಮೂಕಜ್ಜಿ ಹೇಳಲು ಒಂದು ಅಧ್ಯಾಯ ಬೇಕಾದದ್ದನ್ನು ಫಣಿಯಮ್ಮ ಆ ಒಂದು ರಾತ್ರಿಯಲ್ಲಿ ಮಾಡಿ ಮುಗಿಸುತ್ತಾಳೆ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರುವವರು ಬರಬಹುದು. ನೀವು ‘ಫಣಿಯಮ್ಮ’ ಓದಿ, ಆಮೇಲೆ ಮೂಕಜ್ಜಿಯ ಬಳಿ ಮತ್ತೆ ಹೋಗಿ. ಇಬ್ಬರು ಅಜ್ಜಿಯರು ಒಂದೇ ಜಗಲಿಯಲ್ಲಿ ಕೂತರೆ ಮೂಕಜ್ಜಿಯ ಮಾತಿಗೂ ಬೇರೆ ರುಚಿ ಬರುತ್ತದೆ.

‘ಕುಸುಮಬಾಲೆ’ ಅರ್ಥವಾಗಲಿಲ್ಲ ಅಂದಿರಿ. ನನಗೂ ಆಗಿರಲಿಲ್ಲ. ದೇವನೂರ ಮಹಾದೇವ ಅವರು ಬರೆದದ್ದು ನಂಜನಗೂಡು ಸೀಮೆಯ ಮಾತಿನಲ್ಲಿ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂದಾಗ ಜನ ಮುಗಿಬಿದ್ದು ತೆಗೆದುಕೊಂಡು ಹೋದರು, ನಾಲ್ಕು ದಿನಕ್ಕೆ ವಾಪಸು ತಂದರು. ನಮ್ಮಲ್ಲಿ ಆ ಕಡೆಯ ಅಟೆಂಡರ್ ಒಬ್ಬರಿದ್ದರು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಕೂತಾಗ, ನನ್ನ ಮೇಜಿನ ಮೇಲಿದ್ದ ಪ್ರತಿ ಎತ್ತಿಕೊಂಡು ಜೋರಾಗಿ ಓದತೊಡಗಿದರು. ರಾತ್ರಿ ಮನೆಮನೆಯ ದೀಪದ ಜೋತಮ್ಮಗಳು ಒಂದೆಡೆ ಸೇರಿ ತಂತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುವ ಜಾಗ. ನಾನು ತುತ್ತು ಕೈಯಲ್ಲಿ ಹಿಡಿದು ಹಾಗೇ ಕೂತೆ. ಕಣ್ಣಿಗೆ ಗಂಟುಗಂಟಾಗಿ ಕಂಡದ್ದು ಕಿವಿಗೆ ನೀರಿನ ಹಾಗೆ ಹರಿಯಿತು. ‘ಇದ ಓದ್ಬಾರ್ದು ಕನ್ರವ್ವ, ಕೇಳ್ಬೇಕು’ ಅಂದರು ಅವರು. ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಎಲ್ಲೂ ಓದಿಲ್ಲ. ನಿಮ್ಮ ಆಫೀಸಿನಲ್ಲಿ ಮೈಸೂರು, ಚಾಮರಾಜನಗರದ ಕಡೆಯವರು ಯಾರಾದರೂ ಇದ್ದೇ ಇರುತ್ತಾರೆ. ಒಂದು ಕಾಫಿ ಕೊಡಿಸಿ ಐದು ಪುಟ ಓದಿಸಿಕೊಳ್ಳಿ. ಚಿಕ್ಕ ಪುಸ್ತಕ. ಐದು ಪುಟ ಕಿವಿಗೆ ಬಿದ್ದರೆ ಉಳಿದದ್ದು ನಿಮಗೇ ಬರುತ್ತದೆ. ಆಮೇಲೂ ಹಿಡಿಸಲಿಲ್ಲ ಅಂದರೆ ಬಿಡಿ.

ನಿಮ್ಮ ಪತ್ರ ಓದುತ್ತಾ ನಾನು ಸ್ವಲ್ಪ ತಕರಾರು ತೆಗೆದದ್ದು ‘ಘಾಚರ್ ಘೋಚರ್’ ವಿಷಯದಲ್ಲಿ. ‘ಇಷ್ಟೇನಾ?’ ಅನ್ನಿಸಿತು ಅಂದಿರಿ. ವಿವೇಕ ಶಾನಭಾಗರ ಈ ಕಿರುಕಾದಂಬರಿಯನ್ನು ಒಂದು ಸಂಜೆಯಲ್ಲಿ ಮುಗಿಸಬಹುದು. ತೊಂದರೆ ಅದೇ. ಬೇಗ ಮುಗಿಯುವ ಪುಸ್ತಕದಲ್ಲಿ ಏನೂ ಇಲ್ಲ ಅಂತ ನಮಗೆ ಅನ್ನಿಸಿಬಿಡುತ್ತದೆ. ನಿಮಗೆ ಒಂದು ಜಾಗ ನೆನಪಿಸುತ್ತೇನೆ. ಮನೆ ಬಾಗಿಲಿಗೆ ಒಬ್ಬ ಹೆಂಗಸು ಬರುತ್ತಾಳೆ. ಚಿಕ್ಕಪ್ಪನನ್ನು ಹುಡುಕಿಕೊಂಡು. ಅವನಿಗೆ ಇಷ್ಟ ಅಂತ ಬೇಳೆಯದು ಏನೋ ಮಾಡಿ ಡಬ್ಬಿಯಲ್ಲಿ ತಂದಿದ್ದಾಳೆ. ಮನೆಯ ಹೆಂಗಸರು ಅವಳನ್ನು ಬೈದು ಓಡಿಸುತ್ತಾರೆ, ತಂದದ್ದೆಲ್ಲ ಬಾಗಿಲಲ್ಲಿ ಚೆಲ್ಲಿಹೋಗುತ್ತದೆ. ಮನೆಗೆ ದುಡಿದು ಹಾಕುವ ಆ ಚಿಕ್ಕಪ್ಪ ಒಳಗೇ ಇದ್ದಾನೆ. ಹೊರಗೆ ಬರುವುದಿಲ್ಲ. ಉಳಿದ ಗಂಡಸರೂ ಸುಮ್ಮನೆ ನೋಡುತ್ತಾರೆ. ಅದಕ್ಕೆ ಮೊದಲು, ಬಡತನದ ಕಾಲದ ಹಳೆ ಮನೆಯಲ್ಲಿ, ಇದೇ ಸಂಸಾರ ಒಗ್ಗಟ್ಟಾಗಿ ಇರುವೆಗಳನ್ನು ಹೊಸಕಿ ಹಾಕುತ್ತಿತ್ತು ಅಂತ ಬರುತ್ತದೆ. ಆ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಆಮೇಲೆ ಕೊನೆಯ ಪುಟ ಇನ್ನೊಂದು ಸಲ ಓದಿ. ಮನೆಯ ಸೊಸೆ ಊರಿಂದ ಇನ್ನೂ ಬಂದಿಲ್ಲ, ನೆನಪಿದೆಯಾ? ಲೇಖಕರು ಏನನ್ನೂ ಹೇಳುವುದಿಲ್ಲ. ನಾವೇ ಹೇಳಿಕೊಳ್ಳಬೇಕು, ಹೇಳಿಕೊಳ್ಳಲು ಭಯವಾಗಬೇಕು. ನಾನು ಮೊದಲ ಸಲ ಓದಿ ನಿಮ್ಮ ಹಾಗೇ ಮುಚ್ಚಿಟ್ಟೆ. ಮೂರನೇ ದಿನ ಸಿಂಕಿನ ಹತ್ತಿರ ಸಾಲುಕಟ್ಟಿದ ಇರುವೆಗಳ ಮೇಲೆ ನೀರು ಸುರಿಯಲು ಹೋಗಿ ಕೈ ನಿಂತಿತು. ಇಷ್ಟವಾಗಲಿಲ್ಲ ಅಂತ ಹೇಳುವ ಹಕ್ಕು ನಿಮಗೆ ಪೂರ್ತಿ ಇದೆ. ಆದರೆ ಇಂಥ ಪುಸ್ತಕಕ್ಕೆ ಒಂದು ವಾರ ಬಿಟ್ಟು ಹೇಳಿ.

‘ಊರುಕೇರಿ’ ಮುಗಿಯಿತು ಅಂತ ಮಾತ್ರ ಬರೆದಿದ್ದೀರಿ, ಏನನ್ನಿಸಿತು ಅಂತ ಬರೆದಿಲ್ಲ. ಯಾಕೆ? ನಗು ಬಂದದ್ದಕ್ಕೆ ನಾಚಿಕೆಯಾಯಿತೇ? ಹಾಗೆ ಎಷ್ಟೋ ಜನರಿಗೆ ಆಗಿದೆ. ಸಿದ್ದಲಿಂಗಯ್ಯನವರ ಆತ್ಮಕತೆ ಶುರುವಾಗುವುದೇ ಆ ಹೊಲದ ದೃಶ್ಯದಿಂದ. ಎತ್ತಿನ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತಿದ್ದಾರೆ, ಹಿಂದೆ ಇನ್ನೊಬ್ಬ ಉಳುತ್ತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬರು ತನ್ನ ಅಪ್ಪ. ಬೇರೆ ಯಾರಾದರೂ ಬರೆದಿದ್ದರೆ ಆ ಒಂದು ದೃಶ್ಯಕ್ಕೆ ಹತ್ತು ಪುಟ ಕಣ್ಣೀರು ಹಾಕುತ್ತಿದ್ದರು. ಇವರು ಹೇಳಿ ಮುಂದೆ ಹೋಗುತ್ತಾರೆ. ಮುಂದೆ ಹೋಗಿ ನಗಿಸುತ್ತಾರೆ. ನಗುತ್ತಾ ನಗುತ್ತಾ ನಾವು ಯಾವುದಕ್ಕೆ ನಗುತ್ತಿದ್ದೇವೆ ಅಂತ ತಟ್ಟನೆ ಹೊಳೆಯುತ್ತದೆ. ನಿಮ್ಮ ಪಟ್ಟಿಯಲ್ಲಿ ಯಾವುದಾದರೂ ಒಂದನ್ನು ಗೆಳತಿಯರಿಗೆ ಕೊಡಬೇಕು ಅಂದರೆ ನಾನು ಕಣ್ಣು ಮುಚ್ಚಿ ಇದನ್ನೇ ಕೊಡುತ್ತೇನೆ. ಮಾತಿಗೆ ಕೂತಾಗ ಎಲ್ಲಿ ನಕ್ಕಿರಿ ಅಂತ ಒಬ್ಬೊಬ್ಬರನ್ನೂ ಕೇಳಿ. ‘ಹೇಗಿತ್ತು’ ಅಂತ ಕೇಳಬೇಡಿ.

ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಪುಸ್ತಕ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂತು. ಅನುವಾದ ದೀಪಾ ಭಾಸ್ತಿ ಅವರದು. ಹನ್ನೆರಡು ಕಥೆ, ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬರೆದವು. ಅವನ್ನು ಒಂದೇ ವಾರಾಂತ್ಯದಲ್ಲಿ ಓದಿದರೆ ಒಂದೇ ಕಷ್ಟವನ್ನು ಹನ್ನೆರಡು ಸಲ ಕೇಳಿದ ಹಾಗೆ ಆಗುತ್ತದೆ. ಅದು ಕಥೆಯ ತಪ್ಪಲ್ಲ, ಓದಿದ ರೀತಿಯದು. ಕೆಲವು ಕಥೆಗಳಲ್ಲಿ ಗಂಡಸರು ಅಳತೆ ಮಾಡಿ ಕೆಟ್ಟವರಾಗಿದ್ದಾರೆ ಅನ್ನುವ ದೂರು ನನಗೂ ಇದೆ. ಆದರೆ ‘ಎದೆಯ ಹಣತೆ’ಯಲ್ಲಿ ಸೀಮೆಎಣ್ಣೆ ಸುರಿದುಕೊಂಡ ತಾಯಿಯ ಹತ್ತಿರ ಮಗಳು ಕೂಸನ್ನು ಎತ್ತಿಕೊಂಡು ಓಡಿಬರುವ ಜಾಗ, ಅದನ್ನು ಕನ್ನಡದಲ್ಲೇ ಓದಿ. ಮನೆಮಾತಿನ ಉರ್ದು ಕನ್ನಡದ ಒಳಗೆ ಬೆರೆತು ಬರುವುದು ನಮ್ಮ ಬೀದಿಯಲ್ಲಿ ಕೇಳುವ ಮಾತು. ನೀವು ಹಾಸನದವರು, ಅವರೂ ಹಾಸನದವರೇ. ಆ ಕಥೆಗಳನ್ನು ಇಂಗ್ಲಿಷಿನಲ್ಲಿ ಮಾತ್ರ ಓದುವುದು ಪಕ್ಕದ ಮನೆಯವರ ಜೊತೆ ಫೋನಿನಲ್ಲಿ ಮಾತಾಡಿದ ಹಾಗೆ.

ಕಗ್ಗದ ಬಗ್ಗೆ ಎರಡೇ ಮಾತು. 1943ರ ಪುಸ್ತಕ, 945 ಪದ್ಯ. ಮೊದಲಿಂದ ಕೊನೆವರೆಗೆ ಓದುವ ಪುಸ್ತಕವೇ ಅಲ್ಲ ಅದು. ವಾಟ್ಸಾಪಿನಲ್ಲಿ ದಿನಾ ಬೆಳಿಗ್ಗೆ ಹೂವಿನ ಚಿತ್ರದ ಮೇಲೆ ಬಂದು ಬಂದು ಅದರ ಮೊನೆ ಮೊಂಡಾಗಿದೆ, ಪಾಪ. ಡಿವಿಜಿ ಅವರು ಅನುಮಾನ ಪಡುವ ಪದ್ಯಗಳನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಬುದ್ಧಿ ಹೇಳುವಂಥವನ್ನೇ ಮಾಡುತ್ತಾರೆ. ನೀವು ಎಲ್ಲಾದರೂ ತೆರೆದು ಒಂದು ಓದಿ ಮುಚ್ಚಿ.

ದೊಡ್ಡವರ ಪುಸ್ತಕ ಇಷ್ಟವಾಗದಿದ್ದರೆ ತಪ್ಪಾ ಅಂತ ಕೇಳಿದಿರಿ. ಗ್ರಂಥಾಲಯದ ಕಸುಬು ಕಲಿಯುವವರು ಮೊದಲು ಕಲಿಯುವುದು ಎಸ್.ಆರ್. ರಂಗನಾಥನ್ ಅವರ ಐದು ಸೂತ್ರ. 1931ರಲ್ಲಿ ಬರೆದರು, ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ಇದ್ದರು. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ಎಲ್ಲ ಪುಸ್ತಕವೂ ಎಲ್ಲ ಓದುಗರಿಗೆ ಅಂತ ಅವರು ಎಲ್ಲೂ ಹೇಳಲಿಲ್ಲ. ನನ್ನ ಕೌಂಟರಿಗೆ ಪ್ರತಿ ಶನಿವಾರ ಬರುತ್ತಿದ್ದ ಟೈಲರ್ ಒಬ್ಬರು ಪತ್ತೇದಾರಿ ಕಾದಂಬರಿ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ‘ಇದ್ರಲ್ಲಿ ಕೊಲೆಗಾರ ಯಾರು ಅಂತ ಮೂರನೇ ಅಧ್ಯಾಯದಲ್ಲೇ ಗೊತ್ತಾಯ್ತು, ಮೋಸ’ ಅಂತ ಪುಸ್ತಕ ಮೇಜಿನ ಮೇಲೆ ಕುಕ್ಕುತ್ತಿದ್ದರು. ಪುಟ ಹೇಳಿ, ಕಾರಣ ಹೇಳಿ, ಬೈಯುತ್ತಿದ್ದರು. ಸಭೆಗಳಲ್ಲಿ ಶಾಲು ಹೊದ್ದು ‘ಮೇರುಕೃತಿ’ ಅನ್ನುವವರಿಗಿಂತ ಅವರ ಮಾತಿಗೆ ನನ್ನಲ್ಲಿ ಬೆಲೆ ಜಾಸ್ತಿ ಇತ್ತು. ಹೊಸ ಪತ್ತೇದಾರಿ ಬಂದರೆ ಮೊದಲು ಅವರಿಗೇ ಕೊಟ್ಟು ಕೇಳುತ್ತಿದ್ದೆ.

ಉಳಿದದ್ದು, ಕೊಟ್ಟುಬಿಡಲಾ ಅನ್ನುವ ಪ್ರಶ್ನೆ. ಮದುಮಗಳನ್ನು ಕೊಡಬೇಡಿ. 92ನೇ ಪುಟದ ಗುರುತು ಹಾಗೇ ಇರಲಿ, ಜುಲೈವರೆಗೆ ಕಾಯಿರಿ. ‘ಕುಸುಮಬಾಲೆ’ಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡಿ, ಓದಿ ಹೇಳುವವರು ಸಿಗುತ್ತಾರೆ. ಮೂಕಜ್ಜಿಯನ್ನು ಅಮ್ಮನಿಗೆ ಕೊಟ್ಟು, ಎಲ್ಲಿವರೆಗೆ ಬಂದರು ಅಂತ ಆಮೇಲೆ ಕೇಳಿ. ಇನ್ನು ಬೆಳಿಗ್ಗೆ ಬೇಗ ಏಳುವ ಪುಸ್ತಕ. ಒಂದು ಪುಟದ ಮಾತನ್ನು ಇನ್ನೂರು ಪುಟ ಹಿಗ್ಗಿಸಿದ್ದು, ಅದೂ ಓದುವಾಗ ಇಂಗ್ಲಿಷ್ ವಾಕ್ಯವನ್ನೇ ಮನಸ್ಸಿನಲ್ಲಿ ವಾಪಸು ಮಾಡಿಕೊಳ್ಳಬೇಕಾದ ಕನ್ನಡದಲ್ಲಿ. ನಮ್ಮಲ್ಲೂ ಇಂಥವು ಒಂದು ಬೀರು ತುಂಬ ಇದ್ದವು. ಅಂಚು ಎಲ್ಲದರದ್ದೂ ಹನ್ನೆರಡನೇ ಪುಟದವರೆಗೆ ಕಂದು. ಅದನ್ನು ಮಾತ್ರ ಧಾರಾಳವಾಗಿ ಕೊಟ್ಟುಬಿಡಿ, ಉಡುಗೊರೆ ಕೊಟ್ಟವರಿಗೆ ಗೊತ್ತಾಗದ ಹಾಗೆ.